ಕೀಮೋ ನಿಂತ ಮೇಲಿನ ಚಿಕಿತ್ಸೆ

ನಂಜನಗೂಡು, ತಿ. ನರಸೀಪುರದ ಕಡೆ ಕ್ಯಾನ್ಸರ್ ಎಂದರೆ ಮೊದಲಿಗೆ ಓಡಾಟ. ಗಂಟು ಕಂಡಾಗ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಖಾಸಗಿ ಆಸ್ಪತ್ರೆಗೋ ಬಸ್ಸು, ಬಯಾಪ್ಸಿ ವರದಿ ಬಂದ ಮೇಲೆ ಎಷ್ಟೋ ಮಂದಿಗೆ ಬೆಂಗಳೂರಿನ ಕಿದ್ವಾಯಿ. ಆಮೇಲೆ ಆಪರೇಷನ್, ಕೀಮೋ, ಕರೆಂಟು (ರೇಡಿಯೇಷನ್). ಗುಣವಾಗಿ ಬಂದು ಗದ್ದೆಗಿಳಿದವರೂ ಇದ್ದಾರೆ. ಗುಣವಾಗದವರ ಮನೆಯವರಿಗೆ ಒಂದು ದಿನ ಡಾಕ್ಟರು, "ಇನ್ನು ಮನೆಗೆ ಕರ್ಕೊಂಡೋಗಿ, ಚೆನ್ನಾಗಿ ನೋಡ್ಕೊಳ್ಳಿ" ಅನ್ನುತ್ತಾರೆ. ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನು ಮಾತ್ರ ಬಹಳ ಕಡೆ ಯಾರೂ ಹೇಳಿಕೊಡುವುದಿಲ್ಲ. ಊರಿನವರು "ಡಾಕ್ಟರು ಕೈಬಿಟ್ಟರು" ಎಂದು ಮಾತಾಡಿಕೊಳ್ಳುತ್ತಾರೆ.

ಹೀಗೆ ಕೈಬಿಟ್ಟವರನ್ನು ಹಿಡಿದುಕೊಳ್ಳುವ ಕೆಲಸ ಹಾಸ್ಪೀಸ್‌ನದು. ಗುಣವಾಗದ ರೋಗಿಯ ನೋವು ತಗ್ಗಿಸಿ ಕೊನೆಯವರೆಗೂ ನೋಡಿಕೊಳ್ಳುವ ಸೇವೆ ಅದು. ಲಂಡನ್ನಿನಲ್ಲಿ ಡಾ. ಸಿಸಿಲಿ ಸಾಂಡರ್ಸ್ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ತೆರೆದರು. ಭಾರತದ ಮೊದಲನೆಯದು ಮುಂಬೈನ ಶಾಂತಿ ಆವೇದನಾ ಸದನ, 1986. ಕರ್ನಾಟಕದಲ್ಲಿ ಹೆಸರಾದದ್ದು ಬೆಂಗಳೂರಿನ ಕರುಣಾಶ್ರಯ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ರಾಜ್ಯ ಶಾಖೆ ಮತ್ತು ಇಂದಿರಾನಗರ ರೋಟರಿ ಸೇರಿ 1994ರಲ್ಲಿ ಟ್ರಸ್ಟ್ ಮಾಡಿದವು. ಮೊದಲು ಶುರುವಾದದ್ದು ಮನೆಗೆ ಹೋಗಿ ನೋಡುವ ಸೇವೆ. ಮಾರತ್ತಹಳ್ಳಿ ಬಳಿಯ ಕಟ್ಟಡ ತೆರೆದದ್ದು 1999ರಲ್ಲಿ. ನಡುವೆ ನೀರಿನ ಕೊಳ, ಸುತ್ತ ವಾರ್ಡುಗಳು. ಬಡವರಿಗಾಗಲಿ ಉಳ್ಳವರಿಗಾಗಲಿ ಬಿಲ್ ಇಲ್ಲ. ನೋವು ಹತೋಟಿಗೆ ಬಂದರೆ ಮನೆಗೆ ಹೋಗಬಹುದು, ಬೇಕಾದಾಗ ಮತ್ತೆ ಬರಬಹುದು. ಸಾಯೋಕೆ ಕಳಿಸುವ ಜಾಗ ಎಂಬ ಹೆದರಿಕೆ ನಮ್ಮಲ್ಲಿ ಬಲವಾಗಿರುವುದರಿಂದ ಇದನ್ನು ಒತ್ತಿ ಹೇಳಬೇಕು.

ಹಾಗಾದರೆ ಹಾಸ್ಪೀಸ್ ಯಾವಾಗ? ಅಮೆರಿಕದಲ್ಲಿ ಸರ್ಕಾರಿ ವಿಮೆಯ ಲೆಕ್ಕಕ್ಕೆ ಆರು ತಿಂಗಳಿಗಿಂತ ಹೆಚ್ಚು ಬದುಕುವುದು ಕಷ್ಟ ಎಂದು ವೈದ್ಯರು ಬರೆದುಕೊಡಬೇಕು. ನಮ್ಮಲ್ಲಿ ಅಂಥ ಗಡುವಿಲ್ಲ, ಲಕ್ಷಣ ನೋಡಿ ತಿಳಿಯಬೇಕು. ರೋಗಿ ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಕಳೆಯುತ್ತಿದ್ದರೆ ಕೀಮೋ ಸಾಮಾನ್ಯವಾಗಿ ರೋಗಕ್ಕಿಂತ ರೋಗಿಯನ್ನೇ ಹೆಚ್ಚು ಸವೆಸುತ್ತದೆ. ಮೈ ಇಳಿಯುತ್ತಲೇ ಹೋಗುವುದು, ಹೊಟ್ಟೆಯಲ್ಲಿ ನೀರು ಮತ್ತೆ ಮತ್ತೆ ತುಂಬುವುದು, ಒಂದು ಸಲ ಡಿಸ್ಚಾರ್ಜ್ ಆಗಿ ಹದಿನೈದು ದಿನಕ್ಕೆ ಮತ್ತೆ ಅಡ್ಮಿಟ್ ಆಗುವುದು, ಒಂದು ಔಷಧಿ ಬದಲಿಸಿ ಇನ್ನೊಂದು ಕೊಟ್ಟರೂ ಸ್ಕ್ಯಾನಿನಲ್ಲಿ ಗಡ್ಡೆ ದೊಡ್ಡದಾಗುವುದು, ಎಲ್ಲಕ್ಕಿಂತ ಮುಖ್ಯವಾಗಿ ರೋಗಿಯೇ "ಸಾಕು, ಇನ್ನು ಆಗಲ್ಲ" ಅನ್ನುವುದು: ಇಷ್ಟು ಕಂಡ ಮೇಲೂ ಮತ್ತೊಂದು ಆಸ್ಪತ್ರೆಗೆಂದು ಬಾಡಿಗೆ ಕಾರಿಗೆ ಸಾಲ ಮಾಡುವ ಮನೆಯವರನ್ನು ಬೈಯುವ ಮನಸ್ಸಾಗುವುದಿಲ್ಲ. ಪ್ರಯತ್ನ ಬಿಟ್ಟರೆ ನೆಂಟರು ಏನೆಂದಾರು ಎಂಬ ಭಯ ಅದು. ಆದರೆ ಕೊನೆಯ ವಾರ ಬರುವ ರೋಗಿಗೆ ಹಾಸ್ಪೀಸ್ ಮಾಡಬಹುದಾದದ್ದು ಬಹಳ ಕಡಿಮೆ.

ನೋವು, ವಾಂತಿ, ಉಸಿರಾಟದ ಕಷ್ಟ ನೋಡುವ ಉಪಶಾಮಕ ಆರೈಕೆಯನ್ನಂತೂ ಕೀಮೋ ನಡೆಯುತ್ತಿರುವಾಗಲೇ ಶುರುಮಾಡಬಹುದು. ಬಾಸ್ಟನ್ನಿನಲ್ಲಿ ಮುಂದುವರಿದ ಶ್ವಾಸಕೋಶ ಕ್ಯಾನ್ಸರಿನ 151 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲಿನಿಂದಲೇ ಈ ಆರೈಕೆ ಸಿಕ್ಕವರು ಉಳಿದವರಿಗಿಂತ ಎರಡು ತಿಂಗಳಿಗೂ ಹೆಚ್ಚು ಕಾಲ ಬದುಕಿದರು. ಹಾಸ್ಪೀಸ್ ದಾರಿ ಹಿಡಿದವರಿಗೂ ಮೂಳೆ ನೋವಿಗೆ ಒಂದೇ ಸಲ ಕರೆಂಟು ಕೊಡಿಸುವುದುಂಟು. ಉದ್ದೇಶ ಮಾತ್ರ ಬೇರೆ.

ನಂಜನಗೂಡು, ನರಸೀಪುರದವರಿಗೆ ಬೆಂಗಳೂರು ದೂರ. ಕಪಿಲೆ ದಂಡೆಯ ಮನೆಯಲ್ಲೇ ಇರುತ್ತೇನೆ ಅನ್ನುವವರೇ ಹೆಚ್ಚು. ಅಂಥವರಿಗೆ ಒದಗುವುದು ಮನೆ ಆರೈಕೆ. ಸರಗೂರಿನಲ್ಲಿ ಆಸ್ಪತ್ರೆ ನಡೆಸುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮೈಸೂರಿನಲ್ಲಿ ಉಪಶಾಮಕ ಆರೈಕೆಯನ್ನೂ ನಡೆಸುತ್ತದೆ. ತಮ್ಮ ಹಳ್ಳಿಗೆ ತಂಡ ಬರುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ನರ್ಸ್ ಮನೆಗೆ ಬಂದರೆ ಏನು ಮಾಡುತ್ತಾರೆ? ಎಲೆ ಅಡಿಕೆ, ಹೊಗೆಸೊಪ್ಪಿನ ಬಾಯಿ ಕ್ಯಾನ್ಸರ್ ಕೆನ್ನೆ ತೂತಾಗಿಸಿ ಹುಣ್ಣಾದಾಗ ವಾಸನೆಗೆ ಮಕ್ಕಳು, ಮೊಮ್ಮಕ್ಕಳೂ ಹತ್ತಿರ ಸುಳಿಯುವುದಿಲ್ಲ. ಹಾಸಿಗೆ ಹಿತ್ತಲ ಕೋಣೆಗೆ ಹೋಗುತ್ತದೆ. ನರ್ಸ್ ಕಾಯಿಸಿ ಆರಿಸಿದ ಉಪ್ಪುನೀರಿನಿಂದ ಹುಣ್ಣು ತೊಳೆದು, ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ ಉದುರಿಸಿ, ಬಟ್ಟೆ ಮುಚ್ಚುತ್ತಾರೆ. ಸೊಸೆಗೂ ಕಲಿಸಿಕೊಡುತ್ತಾರೆ. ಕೆಲವೇ ದಿನಗಳಲ್ಲಿ ವಾಸನೆ ತಗ್ಗುತ್ತದೆ. ಹಾಸಿಗೆ ಮತ್ತೆ ಪಡಸಾಲೆಗೆ ಬರಬಹುದು.

ನೋವಿಗೆ ಮಾರ್ಫಿನ್. ನಾಲ್ಕು ಗಂಟೆಗೊಮ್ಮೆ ಮಾತ್ರೆ. ನೋವು ಬರಲಿ ಎಂದು ಕಾಯುವಂತಿಲ್ಲ. ಮಲಬದ್ಧತೆ ಆಗಿಯೇ ಆಗುತ್ತದೆ, ಅದಕ್ಕೂ ಜೊತೆಗೇ ಔಷಧಿ ಇರಬೇಕು. ವೈದ್ಯರು ಹೇಳಿದ ಅಳತೆಯಲ್ಲಿ ಕೊಟ್ಟರೆ ಚಟ ಹತ್ತುವುದು ಅಪರೂಪ. ಅಗ್ಗದ ಮಾತ್ರೆ, ಆದರೆ ಊರಿನ ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಸಿಗದು. 1985ರ ಮಾದಕವಸ್ತು ಕಾಯ್ದೆ ಅಷ್ಟು ಬಿಗಿಯಾಗಿತ್ತು. 2014ರ ತಿದ್ದುಪಡಿ ಲೈಸೆನ್ಸಿನ ಗೋಜಲು ಬಿಡಿಸಿತು, ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳಬಹುದು. ಸಣ್ಣ ಊರುಗಳಿಗೆ ಮಾರ್ಫಿನ್ ಇನ್ನೂ ಸರಿಯಾಗಿ ತಲುಪಿಲ್ಲ, ನನ್ನ ಸಿಟ್ಟೆಲ್ಲ ಅದರ ಮೇಲೆಯೇ.

ಜಗಳ ಹುಟ್ಟುವುದು ಊಟದಲ್ಲಿ. "ಒಂದು ಬಾಟಲ್ ಗ್ಲೂಕೋಸ್ ಆದ್ರೂ ಏರ್ಸಿ ಸಾರ್" ಎಂದು ಮಗ ಬೇಡುತ್ತಾನೆ. ಕೊನೆಯ ದಿನಗಳಲ್ಲಿ ದೇಹವೇ ಊಟ ಬಿಡುತ್ತದೆ. ಏರಿಸಿದ ನೀರು ಕಾಲಿಗೂ ಎದೆಗೂ ಇಳಿದು ಉಸಿರು ಕಟ್ಟಿಸಬಹುದು. ಒಣಗಿದ ತುಟಿಗೆ ಒದ್ದೆ ಹತ್ತಿ ಮುಟ್ಟಿಸುವುದು, ಕೇಳಿದರೆ ಒಂದು ಚಮಚ ಗಂಜಿ, ಅಷ್ಟು ಸಾಕು. ಇದು ದಯಾಮರಣವಲ್ಲ, ಇಲ್ಲಿ ಸಾವನ್ನು ಯಾರೂ ಬೇಗ ತರುವುದಿಲ್ಲ. ವೆಂಟಿಲೇಟರ್ ಬೇಡ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ವಿಧಾನ ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದಕ್ಕೆ ಆದೇಶ ಹೊರಡಿಸಿದೆ. "ಅಪ್ಪನಿಗೆ ಹೇಳ್ಬೇಡಿ" ಅನ್ನುವ ಮನೆಗಳಲ್ಲಿ ಅಂಥ ಪತ್ರ ಬರೆಯಿಸುವುದು ಸುಲಭವಲ್ಲ. ಅಪ್ಪನಿಗೆ ಬಹಳ ಸಲ ಎಲ್ಲ ಗೊತ್ತೇ ಇರುತ್ತದೆ.

ರೋಗಿಯನ್ನು ಹಾಸ್ಪೀಸಿಗೆ ಸೇರಿಸಬೇಕೆಂದರೆ ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಮ್ಮರಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ಗುಣಪಡಿಸುವ ಚಿಕಿತ್ಸೆ ಮುಗಿದಿದೆ ಎಂದು ಕ್ಯಾನ್ಸರ್ ವೈದ್ಯರು ಬರೆದ ಚೀಟಿ ಇರಲಿ. ಆ ಚೀಟಿಯನ್ನು ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಂಡರೆ ಅದೊಂದಕ್ಕಾಗಿ ಮತ್ತೆ ಬಸ್ಸು ಹತ್ತುವುದು ತಪ್ಪುತ್ತದೆ.