ನೆಲಮಾಳಿಗೆಯಿಂದ ಮೇಲಿನ ಮಹಡಿಗೆ



ಜನವರಿಯ ಮೂರನೆಯ ಸೋಮವಾರ ಮಕ್ಕಳಿಗೆ ಶಾಲೆಯಿಲ್ಲ. ನಮ್ಮ ಅನೇಕ ಮನೆಗಳಲ್ಲಿ ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರ ಸ್ಮರಣೆ ಅಲ್ಲಿಗೇ ಮುಗಿಯುತ್ತದೆ. 1983ರಲ್ಲಿ ಶಾಸನವಾಗಿ 1986ರಿಂದ ಆಚರಣೆಗೆ ಬಂದ ಈ ರಜೆ ನಮಗೆ ಸಂಬಂಧಿಸಿದ್ದಲ್ಲವೆಂದು ನಾನೂ ಬಹುಕಾಲ ಭಾವಿಸಿದ್ದೆ. ಆ ಭಾವನೆಯನ್ನು ಕಳೆದವರು ನನ್ನ ರೆಸಿಡೆನ್ಸಿಯ ದಿನಗಳಲ್ಲಿ, ದಕ್ಷಿಣದ ಊರೊಂದರ ಆಸ್ಪತ್ರೆಯಲ್ಲಿ ಕಂಡ ಕಪ್ಪು ಜನಾಂಗದ ಒಬ್ಬ ವೃದ್ಧೆ. ರಕ್ತದೊತ್ತಡ ನೋಡುತ್ತಿದ್ದಾಗ ಅವರು ಹೇಳಿದರು: "ಡಾಕ್ಟರೇ, ನನ್ನ ಮೊದಲ ಹೆರಿಗೆಯಾದದ್ದು ಇದೇ ಕಟ್ಟಡದ ನೆಲಮಾಳಿಗೆಯಲ್ಲಿ. ಮೇಲಿನ ಮಹಡಿಗಳಿಗೆ ನಮ್ಮನ್ನು ಸೇರಿಸುತ್ತಿರಲಿಲ್ಲ. ಆಗ ಬಂದಿದ್ದರೆ ನಿಮ್ಮನ್ನೂ ಬಿಡುತ್ತಿದ್ದರೋ ಇಲ್ಲವೋ!"

ಅದು ಕೇವಲ ಒಂದು ಆಸ್ಪತ್ರೆಯ ದುಷ್ಟತನವಾಗಿರಲಿಲ್ಲ. 1946ರ ಹಿಲ್-ಬರ್ಟನ್ ಕಾಯಿದೆ ಆಸ್ಪತ್ರೆಗಳನ್ನು ಕಟ್ಟಲು ಫೆಡರಲ್ ಸರ್ಕಾರದ ಹಣ ಕೊಟ್ಟಿತು; ಜೊತೆಗೆ ವರ್ಣಭೇದಕ್ಕೂ ಎಡೆಯಿಟ್ಟಿತು. ದಕ್ಷಿಣದ ಎಷ್ಟೋ ಸ್ಥಳೀಯ ವೈದ್ಯ ಸಂಘಗಳು ಕಪ್ಪು ವೈದ್ಯರಿಗೆ ಸದಸ್ಯತ್ವವನ್ನೇ ನೀಡುತ್ತಿರಲಿಲ್ಲ. ಉತ್ತರ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿ ಜಾರ್ಜ್ ಸಿಮ್ಕಿನ್ಸ್ ಎಂಬ ದಂತವೈದ್ಯರು ಸಹೋದ್ಯೋಗಿಗಳೊಡನೆ 1962ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿ, ಮರುವರ್ಷ ಮೇಲ್ಮನವಿಯಲ್ಲಿ ಗೆದ್ದರು. ಅದೇ 1963ರಲ್ಲಿ ಕಿಂಗ್ ಅವರು ಬರ್ಮಿಂಗ್‌ಹ್ಯಾಮಿನ ಬೀದಿಗಳಲ್ಲಿಯೂ ವಾಷಿಂಗ್ಟನ್ನಿನ ಮಹಾಸಭೆಯಲ್ಲಿಯೂ ದೇಶದ ಅಂತಃಕರಣವನ್ನು ಕಲಕಿದರು. ಅದರ ಫಲವೇ 1964ರ ನಾಗರಿಕ ಹಕ್ಕುಗಳ ಕಾಯಿದೆ. ಭೇದ ತೋರುವ ಸಂಸ್ಥೆಗೆ ಫೆಡರಲ್ ಹಣವಿಲ್ಲವೆಂದು ಅದರ ಆರನೆಯ ಅಧ್ಯಾಯ ವಿಧಿಸಿತು.

ಆದರೆ ಔಷಧದ ಚೀಟಿ ಬರೆದ ಮಾತ್ರಕ್ಕೆ ಜ್ವರ ಇಳಿಯದಷ್ಟೆ. ಚೀಟಿ ಔಷಧವಾದದ್ದು 1966ರ ಜುಲೈ 1ರಂದು ವೃದ್ಧರ ಆರೋಗ್ಯವಿಮೆಯಾದ ಮೆಡಿಕೇರ್ ಜಾರಿಗೆ ಬಂದಾಗ. ಅದರ ಹಣ ಬೇಕಾದ ಆಸ್ಪತ್ರೆ ವರ್ಣಭೇದವನ್ನು ಬಿಡಲೇಬೇಕಾಯಿತು. ತಪಾಸಕರು ವಾರ್ಡುಗಳನ್ನು ಹೊಕ್ಕು ಯಾರ ಪಕ್ಕದ ಹಾಸಿಗೆಯಲ್ಲಿ ಯಾರಿದ್ದಾರೆಂದು ನೋಡಿದರು. ಅನೇಕ ಕಡೆ ಗುಟ್ಟಾಗಿ ನಿಜಸ್ಥಿತಿಯನ್ನು ತಿಳಿಸಿದವರು ಅಲ್ಲಿಯೇ ದುಡಿಯುತ್ತಿದ್ದ ಕಪ್ಪು ನೌಕರರು. ಕೆಲಸ ಹೋದೀತೆಂಬ ಭಯವಿದ್ದರೂ ತಿಳಿಸಿದರು! ಕೆಲವೇ ತಿಂಗಳುಗಳಲ್ಲಿ ಸಾವಿರದಷ್ಟು ಆಸ್ಪತ್ರೆಗಳು ಬದಲಾದವು. ಆ ವರ್ಷದ ಮಾರ್ಚಿಯಲ್ಲಿ ಕಿಂಗ್ ಅವರು ಷಿಕಾಗೋದಲ್ಲಿ, ಅನ್ಯಾಯಗಳಲ್ಲೆಲ್ಲ ಆರೋಗ್ಯದ ವಿಷಯದಲ್ಲಿನ ಅನ್ಯಾಯವೇ ಅತ್ಯಂತ ಅಮಾನುಷವೆಂದು ಹೇಳಿದ್ದರು.

ಇನ್ನು ನಮ್ಮ ವಿಚಾರ. 1965ರವರೆಗೆ ಭಾರತಕ್ಕಿದ್ದ ವಲಸೆಯ ಮಿತಿ ವರ್ಷಕ್ಕೆ ಸುಮಾರು 100 ಮಂದಿ. ಹುಟ್ಟಿದ ದೇಶವನ್ನು ನೋಡಿ ಅಳೆಯುವ ಆ ಪದ್ಧತಿಯನ್ನು 1965ರ ಅಕ್ಟೋಬರಿನ ಶಾಸನ ತೆಗೆದುಹಾಕಿತು. ನಾಗರಿಕ ಹಕ್ಕುಗಳ ಹೋರಾಟದ ಅಲೆಯಿಲ್ಲದೆ ಅದು ಆಗುತ್ತಿತ್ತೆಂದು ನನಗನ್ನಿಸುವುದಿಲ್ಲ. ಮೆಡಿಕೇರಿನಿಂದ ವೈದ್ಯರ ಅಗತ್ಯವೂ ಹೆಚ್ಚಿತು. ನಮ್ಮ ಹಿರಿಯರು ಎಂಬಿಬಿಎಸ್ ಪದವಿ ಹಿಡಿದು ಬಂದದ್ದು ಹೀಗೆ ತೆರೆದ ಬಾಗಿಲಿನಿಂದ. "ನಾವು ಕಷ್ಟಪಟ್ಟು ಮೇಲೆ ಬಂದೆವು, ಅವರಿಗೇಕೆ ಸಾಧ್ಯವಾಗಲಿಲ್ಲ?" ಎಂಬ ಮಾತು ನಮ್ಮ ಔತಣಕೂಟಗಳಲ್ಲಿ ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ನೆಲಮಾಳಿಗೆಯ ನೆನಪಾಗುತ್ತದೆ. ನಾವು ಕಷ್ಟಪಟ್ಟದ್ದು ದಿಟ. ಬಾಗಿಲು ತಟ್ಟಿ ತೆರೆಸಿದವರು ಅವರು.

1970ರ ದಶಕದಲ್ಲಿ ಬಂದ ಹಿರಿಯ ವೈದ್ಯರು ನಮ್ಮ ಕೂಟದಲ್ಲಿ ಇಂದಿಗೂ ಇದ್ದಾರೆ. ಬರುವ ಆ ಸೋಮವಾರ ಮಕ್ಕಳನ್ನು ಅವರ ಬಳಿ ಕರೆದೊಯ್ಯಿರಿ. ತಾವು ಬಂದಾಗ ಆಸ್ಪತ್ರೆಗಳು ಹೇಗಿದ್ದವೆಂಬುದನ್ನು ಅವರೇ ಹೇಳಲಿ.