ವೆಬ್‌ಸೈಟಿಗೆ ಯಾವ ಪ್ಲಾನ್? ಮೊದಲು ಹಪ್ಪಳದ ಲೆಕ್ಕ ಹಾಕಿ

"ನಿಮ್ಮದು ವೆಬ್‌ಸೈಟ್ ಉಂಟಾ?" 2022ರಲ್ಲಿ ನಮ್ಮ ಹಲಸಿನ ಹಪ್ಪಳ ಕೊಂಡ ಬೆಂಗಳೂರಿನವರೊಬ್ಬರು ಕೇಳಿದ್ದೇ ನೆಪ. ಆ ಜೂನಿನಲ್ಲೇ ಮಾಡಿಸಿಬಿಟ್ಟೆ. ಕೋಡ್ ಬರೆಯಬೇಕಿಲ್ಲ, ಫೋಟೋ, ಅಕ್ಷರ ಎಳೆದು ಕೂರಿಸಿದರೆ ಪುಟ ತಯಾರು ಎನ್ನುವ ಜಾತಿಯದ್ದು. ಪೇಟೆಯ ಹುಡುಗನೊಬ್ಬ ದೊಡ್ಡ 'ಅಂಗಡಿ ಪ್ಲಾನ್' ಹಾಕಿಸಿದ. ಮೊದಲ ವರ್ಷ 3,600 ರೂಪಾಯಿ, ಡೊಮೈನ್ ಹೆಸರು ಉಚಿತ. ಅಗ್ಗವೇ ಅನಿಸಿತು.

ಮರುವರ್ಷ ಮದ್ದು ಬಿಡುವ ಗಡಿಬಿಡಿಯಲ್ಲಿದ್ದಾಗ ಬ್ಯಾಂಕಿನಿಂದ ಸಂದೇಶ ಬಂತು. ಓದದೆ ಬಿಟ್ಟೆ. ಮಾರನೇ ದಿನ ಖಾತೆಯಿಂದ 11,092 ರೂಪಾಯಿ ಹೋಗಿತ್ತು! ನವೀಕರಣದ ದರ 9,400, ಅದರ ಮೇಲೆ ಶೇ. 18 ಜಿಎಸ್‌ಟಿ. ಒಂದು ಕಟ್ಟು ಹಪ್ಪಳದಲ್ಲಿ ನಮಗೆ ಉಳಿಯುವುದು 20 ರೂಪಾಯಿ. ಅಂದರೆ 555 ಕಟ್ಟಿನ ಲಾಭ ಪುಟದ ಬಾಡಿಗೆಗೇ ಬೇಕು. ಆ ವರ್ಷ ವೆಬ್‌ಸೈಟ್ ಮೂಲಕ ಹೋದದ್ದು 61 ಕಟ್ಟು ಮಾತ್ರ. ಉಳಿದದ್ದೆಲ್ಲ ಫೋನ್, ವಾಟ್ಸಾಪಿನಲ್ಲೇ.

ಹಣ ಹೇಗೆ ಕೇಳದೆ ಹೋಯಿತು ಅಂತೀರಾ? ಮೊದಲ ಸಲ ಓಟಿಪಿ ಕೊಟ್ಟು ಒಪ್ಪಿಗೆ ಹಾಕಿದರೆ ಆಯ್ತು. ಆಮೇಲೆ 15,000 ರೂಪಾಯಿವರೆಗಿನ ಕಂತು ಓಟಿಪಿ ಇಲ್ಲದೆ ಕಡಿತವಾಗಬಹುದು. 2022ರ ಜೂನಿನಲ್ಲಿ ರಿಸರ್ವ್ ಬ್ಯಾಂಕ್ ಮಿತಿಯನ್ನು 5,000ದಿಂದ ಇಷ್ಟಕ್ಕೆ ಏರಿಸಿತು. 24 ಗಂಟೆ ಮೊದಲು ತಿಳಿಸಬೇಕೆಂಬ ನಿಯಮವಂತೂ ಉಂಟು. ಅದೇ ನಾನು ಓದದ ಸಂದೇಶ. ಪ್ಲಾನ್ ನೋಡುವಾಗ ದಪ್ಪ ಅಕ್ಷರದ ದರ ಬಿಡಿ. ಎರಡನೇ ವರ್ಷದ ದರ ಎಲ್ಲಿ ಬರೆದಿದೆ ಹುಡುಕಿ. 'ತಿಂಗಳಿಗೆ ಇಷ್ಟೇ' ಎಂದಿದ್ದರೂ ವಸೂಲಿ ಹೆಚ್ಚಾಗಿ ಇಡೀ ವರ್ಷದ್ದು ಒಟ್ಟಿಗೇ.

ಹಾಗಾದರೆ ಯಾವುದು ಸಾಕು? ಪುಟದಲ್ಲೇ ಹಣ ವಸೂಲಾಗಬೇಕಾ ಎಂಬುದೇ ಮುಖ್ಯ ಪ್ರಶ್ನೆ. ಬೇಡವಾದರೆ ಅಂಗಡಿ ಪ್ಲಾನ್ ಬೇಡ. ಗೂಗಲ್ ಸೈಟ್ಸ್ ಉಚಿತ, ಜಾಹೀರಾತೂ ಇಲ್ಲ, ನಮ್ಮದೇ ಡೊಮೈನ್ ಜೋಡಿಸಲಿಕ್ಕೂ ಆಗ್ತದೆ. ಆದರೆ ಖರೀದಿ ಬುಟ್ಟಿ ಅದರಲ್ಲಿಲ್ಲ. ವಿಕ್ಸ್, ವರ್ಡ್‌ಪ್ರೆಸ್ ಡಾಟ್ ಕಾಮ್‌ಗಳ ಉಚಿತ ಪ್ಲಾನಿನಲ್ಲಿ ಅವರ ಹೆಸರೂ ವಿಳಾಸಕ್ಕೆ ಅಂಟಿಕೊಳ್ಳುತ್ತದೆ, ಜಾಹೀರಾತೂ ಬರುತ್ತದೆ. ನಡುವಿನ ಪ್ಲಾನಿಗೆ ದುಡ್ಡು ಕೊಡುವುದು ಮುಖ್ಯವಾಗಿ ಇವೆರಡನ್ನು ತೆಗೆಯಲಿಕ್ಕೆ.

ತಿಂಗಳಿಗೆ ಹತ್ತು ಹದಿನೈದು ಆರ್ಡರ್ ಇರುವವರಿಗೆ ಪುಟದಲ್ಲೊಂದು ವಾಟ್ಸಾಪ್ ಗುಂಡಿ, ಒಂದು ಯುಪಿಐ ಕ್ಯೂಆರ್ ಧಾರಾಳ. ಬ್ಯಾಂಕ್ ಖಾತೆಯಿಂದ ಯುಪಿಐನಲ್ಲಿ ಬರುವ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿಗೆ ಶುಲ್ಕವಿಲ್ಲ. ಕಾರ್ಡ್ ಹಣ ಬೇಕೆಂದು ಗೇಟ್‌ವೇ ಹಾಕಿಸಿದರೆ ಸುಮಾರು ಶೇ. 2 ಅವರಿಗೆ, ಆ ಶುಲ್ಕಕ್ಕೆ ಮತ್ತೆ ಜಿಎಸ್‌ಟಿ. ಕೆಲವು ಅಂಗಡಿ ಪ್ಲಾನುಗಳು ಇದರ ಮೇಲೆ ತಮ್ಮ ಪಾಲೂ ಕೇಳುತ್ತವೆ.

ಹಪ್ಪಳದಂಥ ಹಂಗಾಮಿನ ಮಾಲಿಗೆ ತಿಂಗಳ ಪ್ಲಾನ್ ಲಾಭ ಎಂದು ಯೋಚಿಸಿದ್ದೆ. ನಿಲ್ಲಿಸಿದಾಗ ಹೆಚ್ಚಿನ ಕಡೆ ನಮ್ಮ ವಿಳಾಸವೂ ಕಳಚಿಕೊಳ್ಳುತ್ತದೆ ಮಾರಾಯ್ರೆ. ಮುಂದಿನ ಬೇಸಿಗೆಗೆ ಗಿರಾಕಿ ಬಂದರೆ ಬಾಗಿಲು ಮುಚ್ಚಿರುತ್ತದೆ.

ದೊಡ್ಡ ಪೆಟ್ಟು ಬಿದ್ದದ್ದು ಡೊಮೈನಿನಲ್ಲಿ. ಪ್ಲಾನ್ ಅಂದರೆ ಗೇಣಿ. ಡೊಮೈನ್ ಅಂದರೆ ಪಹಣಿ. ನಮ್ಮ 'ಪಹಣಿ' ಇದ್ದದ್ದು ಆ ಹುಡುಗನ ಇಮೇಲ್ ಖಾತೆಯಲ್ಲಿ. ಅವನು ಊರು ಬಿಟ್ಟ, ನಂಬರೂ ಬದಲಾಯಿಸಿದ. ಖಾತೆಯೊಳಗೆ ಹೋಗಲಿಕ್ಕೇ ಆಗದೆ, ಬ್ಯಾಂಕಿಗೆ ಹೇಳಿ ಕಂತು ನಿಲ್ಲಿಸಿದೆ. ಹೆಸರು ಕೈತಪ್ಪಿತು. ಈಗ ಡೊಮೈನನ್ನು ಬೇರೆಯೇ ಕೊಂಡಿದ್ದೇನೆ, ನನ್ನ ಹೆಸರು, ನನ್ನ ಇಮೇಲ್‌ನಲ್ಲಿ. ವರ್ಷಕ್ಕೆ 900 ರೂಪಾಯಿ ಚಿಲ್ಲರೆ. ಪುಟ ಗೂಗಲ್ ಸೈಟ್ಸಿನಲ್ಲಿ.

ಆರ್ಡರ್ ತಿಂಗಳಿಗೆ ಐವತ್ತು ದಾಟಿ, ವಾಟ್ಸಾಪಿಗೆ ಉತ್ತರಿಸಿ ಮನೆಯವಳಿಗೆ ಸಾಕಾದರೆ ಆಗ ಅಂಗಡಿ ಪ್ಲಾನ್ ನೋಡಿದರಾಯ್ತು. ಹಳೆ ವಿಳಾಸ ಹಾಕಿ 2,000 ಲೇಬಲ್ ಅಚ್ಚು ಹಾಕಿಸಿದ್ದೆವು. ಉಳಿದ 700ಕ್ಕೆ ರಾತ್ರಿ ಊಟವಾದ ಮೇಲೆ ಕೂತು ಪೆನ್ನಿನಲ್ಲಿ ಗೀಟು ಎಳೆಯುತ್ತಿದ್ದೇವೆ.