ದಾರಿ ಕೇಳುವ ಮುನ್ನ ನೀರು ಕೇಳಿ

ನಂಜನಗೂಡು ಸೀಮೆಯಲ್ಲಿ ಹೊಸ ಬೈಕ್ ಕೊಂಡ ಹುಡುಗರ ಬಾಯಲ್ಲಿ ಮೊದಲು ಬರುವ ಊರು ಊಟಿ, ಆಮೇಲೆ ಲಡಾಖ್. ಊಟಿ ಒಂದು ಭಾನುವಾರಕ್ಕೆ ಮುಗಿದುಹೋಗುತ್ತದೆ. ಲಡಾಖ್‌ಗೆ ರಜೆ ಸಿಕ್ಕಾಗ ದುಡ್ಡಿರುವುದಿಲ್ಲ, ದುಡ್ಡಿದ್ದಾಗ ರಜೆ ಇರುವುದಿಲ್ಲ. ಇವೆರಡರ ನಡುವೆ, ನಮ್ಮದೇ ರಾಜ್ಯದ ಬಡಗಣ ಭಾಗದಲ್ಲಿ, ಕೃಷ್ಣಾ ನದಿಯ ಒಡಲೊಳಗೆ ಊರುಗಳಿವೆ. ರಾಯಚೂರು ಜಿಲ್ಲೆಯ ನಡುಗಡ್ಡೆಗಳು. ಅಲ್ಲಿಗೆ ನಮ್ಮೂರಿಂದ ದಾರಿ ಕೇಳುವ ಕೆಲಸವೂ ಇಲ್ಲ.

ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯ ಮೈಲಿಗಲ್ಲು ನೋಡಿದ್ದೀರಲ್ಲ, 150ಎ ಎಂದಿರುತ್ತದೆ. ಚಾಮರಾಜನಗರದ ಕಡೆಯಿಂದ ಬಂದ ಆ ಹೆದ್ದಾರಿ ನಂಜನಗೂಡು, ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರು, ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು, ಮಸ್ಕಿ ಹಾದು ಲಿಂಗಸುಗೂರು ಮುಟ್ಟುತ್ತದೆ. ಮುಂದೆ ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿ, ಸುರಪುರದ ಮೇಲೆ ಹೋಗಿ ಜೇವರ್ಗಿಯಲ್ಲಿ ಕೊನೆಯಾಗುತ್ತದೆ. ಕಳಲೆಯವರು ಐದಾರು ಕಿಲೋಮೀಟರು ಹಳ್ಳಿ ರಸ್ತೆಯಲ್ಲಿ ಬಂದು ನಂಜನಗೂಡು ಸೇರಿದರೆ ಸಾಕು, ಅಲ್ಲಿಂದ ಲಿಂಗಸುಗೂರಿನವರೆಗೆ ಈ ಹೆದ್ದಾರಿಯ ಸರಣಿಯನ್ನೇ ಹಿಡಿದು ಹೋಗಬಹುದು. ಒಟ್ಟು 500ರಿಂದ 550 ಕಿಲೋಮೀಟರು. ಹೋಗುವುದಕ್ಕೆ ಎರಡು ದಿನ ಇಟ್ಟುಕೊಳ್ಳಿ. ಒಂದೇ ದಿನದಲ್ಲಿ ಹೊಡೆಯುತ್ತೇನೆ ಅನ್ನುವವರು ಬೈಕ್ ಓಡಿಸಲು ಹೋಗುವವರು, ಊರು ನೋಡಲು ಅಲ್ಲ.

ಆದರೆ ಈ ಪ್ರವಾಸದ ಲೆಕ್ಕ ರಸ್ತೆಯಿಂದ ಶುರುವಾಗುವುದಿಲ್ಲ, ನೀರಿನಿಂದ ಶುರುವಾಗುತ್ತದೆ. ಕಪಿಲೆಯ, ಅಂದರೆ ಕಬಿನಿಯ, ದಡದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ವಯನಾಡಿನಲ್ಲಿ ಮಳೆ ಜೋರಾಯಿತೆಂದರೆ ಇಲ್ಲಿಯವರು ಆಕಾಶ ನೋಡುವುದಿಲ್ಲ, ಕಬಿನಿಯ ಹೊರಹರಿವು ಎಷ್ಟೆಂದು ಕೇಳುತ್ತಾರೆ. ಸ್ನಾನಘಟ್ಟದ ಹದಿನಾರು ಕಾಲು ಮಂಟಪ ಮುಳುಗಿತೇ, ಮಲ್ಲನಮೂಲೆಯ ಹತ್ತಿರ ಮೈಸೂರು ರಸ್ತೆಗೆ ನೀರು ಬಂತೇ ಎಂದು ವಿಚಾರಿಸುತ್ತಾರೆ. 2018 ಮತ್ತು 2019ರ ಮಳೆಗಾಲದಲ್ಲಿ ಆ ರಸ್ತೆ ಬಂದ್ ಆಗಿ ಎಷ್ಟು ಜನ ಸುತ್ತಿ ಬಳಸಿ ಮನೆ ಸೇರಿದರೆಂಬುದು ಇಲ್ಲಿ ಎಲ್ಲರಿಗೂ ನೆನಪಿದೆ. ಅದೇ ಬುದ್ಧಿಯನ್ನು ಕೃಷ್ಣೆಯ ಅಳತೆಗೆ ಹಿಗ್ಗಿಸಿಕೊಳ್ಳಬೇಕು. ನಮ್ಮ ಕಬಿನಿ ಜಲಾಶಯ ಹಿಡಿಯುವುದು 19.52 ಟಿಎಂಸಿ ಅಡಿ ನೀರು. ಆಲಮಟ್ಟಿ ಹಿಡಿಯುವುದು 123. ಅದರ ಕೆಳಗೆ ನಾರಾಯಣಪುರದ ಬಸವಸಾಗರ, 1982ರಲ್ಲಿ ಮುಗಿದದ್ದು, ಸುಮಾರು 33 ಟಿಎಂಸಿ. ನಡುಗಡ್ಡೆಗಳಿರುವುದು ಈ ಬಸವಸಾಗರದ ಗೇಟುಗಳ ಕೆಳಗೆ.

ಹೊಸಬರು ಏಮಾರುವುದು ಇಲ್ಲೇ. ಲಿಂಗಸುಗೂರಿನಲ್ಲಿ ಬಿಸಿಲು ಕಾಯುತ್ತಿರುತ್ತದೆ, ಹನಿ ಮಳೆ ಬಿದ್ದಿರುವುದಿಲ್ಲ. ಅತ್ತ ಮಹಾರಾಷ್ಟ್ರದ ಘಟ್ಟದಲ್ಲಿ, ಮಹಾಬಳೇಶ್ವರ, ಕೊಯ್ನಾ ಕಡೆಗಳಲ್ಲಿ, ವಾರವಿಡೀ ಸುರಿದ ಮಳೆ ಆಲಮಟ್ಟಿಗೆ ಬಂದು, ನಾರಾಯಣಪುರದ ಗೇಟು ತೆಗೆಸಿ, ಗಡ್ಡಿಗಳ, ಅಂದರೆ ನಡುಗಡ್ಡೆಗಳ, ದಾರಿ ಕಟ್ಟಿಬಿಡುತ್ತದೆ. ಹೊರಹರಿವು ಒಂದೂವರೆ, ಎರಡು ಲಕ್ಷ ಕ್ಯೂಸೆಕ್ ಮುಟ್ಟಿತೆಂದರೆ ಶೀಲಹಳ್ಳಿ ಸೇತುವೆ ಮುಳುಗಿದ ಸುದ್ದಿ ಬರುವುದು ಅಲ್ಲಿಯವರಿಗೆ ವರ್ಷದ ಮಾಮೂಲು. ಆ ಸೇತುವೆಯ ಆಚೆಗೆ ಹಂಚಿನಾಳ, ಯರಗೋಡಿ, ಕಡದರಗಡ್ಡಿ, ಯಳಗುಂದಿಯಂಥ ಊರುಗಳು. ಇನ್ನೂ ಒಳಗೆ ಕರಕಲಗಡ್ಡಿ, ಮ್ಯಾದರಗಡ್ಡಿ, ವೆಂಕಮ್ಮನಗಡ್ಡಿ: ಕೆಲವೇ ಕುಟುಂಬಗಳು, ಕುರಿ, ದನ, ಒಂದಿಷ್ಟು ಹೊಲ. 2019ರ ಆಗಸ್ಟ್‌ನಂಥ ಪ್ರವಾಹದಲ್ಲಿ ಈ ಜನ ದಿನಗಟ್ಟಲೆ ಒಳಗೇ ಉಳಿಯಬೇಕಾಗುತ್ತದೆ. ಹಾಗಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ಬೈಕ್ ತೆಗೆಯಬೇಡಿ. ತುಂಬಿದ ಹೊಳೆ ನೋಡಲಿಕ್ಕೆಂದೇ ಕ್ಯಾಮೆರಾ ಹಿಡಿದು ಹೊರಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸೇತುವೆಯ ಬಾಯಲ್ಲಿ ನಾಲ್ಕು ಬೈಕ್ ಹೆಚ್ಚಾಗಿ ನಿಂತರೆ ರಕ್ಷಣೆಗೆ ಬಂದವರಿಗೆ ಅಷ್ಟು ಅಡ್ಡಿ.

ಇನ್ನೊಂದು ತುದಿಯಲ್ಲಿ ಏಪ್ರಿಲ್, ಮೇ. ರಾಯಚೂರಿನ ಬಿಸಿಲು ಮೈಸೂರಿನ ಚರ್ಮಕ್ಕೆ ಒಗ್ಗುವುದಿಲ್ಲ, ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತದೆ. ಹೇಳಿ ಮಾಡಿಸಿದ ಕಾಲ ಡಿಸೆಂಬರ್‌ನಿಂದ ಫೆಬ್ರುವರಿ. ಹೊಳೆ ಬಂಡೆಗಳ ನಡುವೆ ಇಳಿದಿರುತ್ತದೆ, ಬಿಳಿಜೋಳದ ತೆನೆ ತುಂಬಿರುತ್ತದೆ, ಬೆಳಗಿನ ಚಳಿಗೆ ಜಾಕೆಟ್ ಬೇಕಾಗುತ್ತದೆ.

ಆ ಕಾಲದಲ್ಲೂ ನಿರ್ಲಕ್ಷ್ಯ ಮಾಡಬಾರದ ಅಪಾಯವೊಂದಿದೆ. ನಾಗಮಂಗಲ ದಾಟಿದ ಮೇಲೆ ಹುಳಿಯಾರಿನವರೆಗೂ ರೈತರು ರಾಗಿ, ಹುರುಳಿಯನ್ನು ರಸ್ತೆಗೇ ಹರವಿರುತ್ತಾರೆ. ಕಣ ಮಾಡುವ ಕಾಲ ಹೋಯಿತು, ಲಾರಿ ಚಕ್ರವೇ ಈಗ ರೋಣಗಲ್ಲು. ಬೈಕಿಗೆ ಇದು ಎರಡು ಬಗೆಯಲ್ಲಿ ಕೆಟ್ಟದ್ದು: ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಹುರುಳಿ ಸೊಪ್ಪು ಚೈನಿಗೆ ಸುತ್ತಿಕೊಂಡು ಕಾದ ಸೈಲೆನ್ಸರ್ ಮೇಲೆ ಕೂತರೆ ಹೊಗೆ ಏಳುತ್ತದೆ. ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಕಿತ್ತು ತೆಗೆಯಿರಿ. ಸಂಜೆ ಮೇಲೆ ಈ ಪಟ್ಟಿಯಲ್ಲಿ ಓಡಿಸುವುದೇ ಬೇಡ.

ಯಾವ ಬೈಕ್ ಎಂಬ ಚರ್ಚೆಗೆ ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ಅಭಿಮಾನ ಬೆರೆಯುವುದು ಸಹಜ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಮೊದಲು ಜಾವಾ, 1973ರಿಂದ ಯೆಜ್ಡಿ. 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ ಹೊಡೆಯುವ ಕಡ್ಡಿಯನ್ನೇ ಮಡಚಿ ಗೇರ್ ಹಾಕುವ ಆ ಗಾಡಿಗಳು ಕಳಲೆ, ಹುಲ್ಲಹಳ್ಳಿ ಕಡೆಯ ಹಟ್ಟಿಗಳಲ್ಲಿ ಈಗಲೂ ಗುಡುಗುಡು ಎನ್ನುತ್ತವೆ. ಅಪ್ಪನ ಯೆಜ್ಡಿ ರೋಡ್‌ಕಿಂಗ್ ತೆಗೆದುಕೊಂಡು ಹೋಗುತ್ತೇನೆ ಎನ್ನುವ ಮಗನನ್ನು ತಡೆಯಲಾರೆ. ಎರಡು ಸ್ಟ್ರೋಕಿನ ಎಂಜಿನ್. ಪೆಟ್ರೋಲಿಗೆ ಬೆರೆಸುವ ಆಯಿಲ್ ಜೊತೆಗಿರಲಿ, ಎರಡು ಸ್ಪಾರ್ಕ್ ಪ್ಲಗ್, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್ ಇರಲಿ. ಬಳ್ಳಾರಿ ದಾಟಿದ ಮೇಲೆ ಅದನ್ನು ಬಿಚ್ಚಿ ಕಟ್ಟಬಲ್ಲ ಹಳೇ ಮೆಕ್ಯಾನಿಕ್ ಸಿಕ್ಕೇ ಸಿಗುತ್ತಾನೆಂದು ನಂಬಿ ಕೂರಬೇಡಿ. ಸೊಂಟದ ಮೇಲೆ ಕನಿಕರ ಇರುವವರಿಗೆ ನೂರಿಪ್ಪತ್ತೈದು, ನೂರೈವತ್ತು ಸಿಸಿಯ ಮಾಮೂಲಿ ಗಾಡಿ ಧಾರಾಳ ಸಾಕು. ಅದರ ಬಿಡಿಭಾಗ ಸಿಂಧನೂರಿನಲ್ಲೂ ಸಿಗುತ್ತದೆ, ಮಸ್ಕಿಯಲ್ಲೂ ಸಿಗುತ್ತದೆ.

ನಮ್ಮ ಕಡೆಯವರಿಗೆ ಗೊತ್ತಿಲ್ಲದ ಶತ್ರು ಎರೆಮಣ್ಣು. ನಮ್ಮ ಕೆಂಪು ಮಣ್ಣು ಮಳೆಗೆ ಕೆಸರಾದರೂ ಚಕ್ರ ಬಿಡುತ್ತದೆ. ಲಿಂಗಸುಗೂರಿನ ಕರಿ ಎರೆ ಹಾಗಲ್ಲ. ಒಂದು ಹದ ಮಳೆ ಬಿದ್ದರೆ ಸಾಕು, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ಮೆತ್ತಿ ಗಾಡಿ ನಿಂತಲ್ಲೇ ಕಚ್ಚಿಕೊಳ್ಳುತ್ತದೆ. ಕಡ್ಡಿ ಹಿಡಿದು ಕೆರೆದು ತೆಗೆದರೆ ಹತ್ತು ಮಾರು ಹೋಗಬಹುದು, ಮತ್ತೆ ಕೆರೆಯಬೇಕು. ಅಕಾಲ ಮಳೆ ಹಿಡಿದರೆ ಡಾಂಬರು ಬಿಟ್ಟು ಇಳಿಯಬೇಡಿ. ಒಂದು ದಿನ ಬಿಸಿಲು ಬಿದ್ದರೆ ಅದೇ ಮಣ್ಣು ಕಲ್ಲಾಗುತ್ತದೆ.

ಹೊರಡುವ ಬೆಳಗ್ಗೆ ಮೊದಲು ದಾಟುವುದು ಕಪಿಲೆಯನ್ನು. ಈಗಿನ ಸೇತುವೆಯ ಪಕ್ಕದಲ್ಲೇ ಹಳೆಯದು ನಿಂತಿದೆ. ಕಳಲೆಯ ದಳವಾಯಿ ಮನೆತನದ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ್ದು; ಮುಂದೆ ಅದರ ಮೇಲೆ ರೈಲೂ ಓಡಿತು. ಮೈಸೂರು ಅರಸರ ಸೈನ್ಯ ನಡೆಸಿದ ಮನೆತನ ಅದು, ಹೊಳೆ ದಾಟುವ ಕಷ್ಟ ತಿಳಿದಿತ್ತು. ಮೈಸೂರು ಕಳೆದು ಅರ್ಧ ಗಂಟೆಗೆ ಶ್ರೀರಂಗಪಟ್ಟಣ. ಅದೂ ದ್ವೀಪವೇ, ದಿನಾ ಓಡಾಡಿ ಮರೆತಿದ್ದೇವೆ ಅಷ್ಟೆ. ಹಿರಿಯೂರಿನಲ್ಲಿ ಸಮಯವಿದ್ದರೆ ಮಾರಿಕಣಿವೆಗೆ ತಿರುಗಿ. 1907ರಲ್ಲಿ ಮುಗಿದ ಆ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಮೊದಲ ರಾತ್ರಿ ಬಳ್ಳಾರಿಯಲ್ಲಿ ಉಳಿಯುವುದು ಸಲೀಸು. ಅಲ್ಲಿಂದ ಮುಂದೆ ಊಟದ ಬೋರ್ಡೂ ಬದಲಾಗುತ್ತದೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಮುದ್ದೆ ಕೇಳಿದರೆ ನಗುತ್ತಾರೆ.

ಎರಡನೇ ದಿನ ಮಸ್ಕಿಯಲ್ಲಿ ಇಳಿಯದೆ ಮುಂದೆ ಹೋಗಬೇಡಿ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಇಲ್ಲಿನ ಗುಡ್ಡದಲ್ಲಿ ಒಂದು ಶಾಸನ ಕಂಡ. ಅದುವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬಂಥ ಬಿರುದುಗಳಲ್ಲಷ್ಟೇ ಇದ್ದ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಕಲ್ಲು ಇದು. ಚಿನ್ನ ಹುಡುಕಿದವನಿಗೆ ಚಕ್ರವರ್ತಿ ಸಿಕ್ಕ.

ಲಿಂಗಸುಗೂರಿನಲ್ಲಿ ಬಿಡಾರ ಹೂಡಿ, ಮಾರನೇ ದಿನ ಪೂರ್ತಿ ಜಲದುರ್ಗಕ್ಕೆ ಕೊಡಿ. ಕೃಷ್ಣೆ ಇಲ್ಲಿ ಕವಲೊಡೆದು, ಬಂಡೆಗಳ ಸಂದಿಯಲ್ಲಿ ಧುಮುಕಿ, ಮತ್ತೆ ಕೂಡುತ್ತಾಳೆ. ನಡುವಿನ ಎತ್ತರದ ಮೇಲೆ ಬಿಜಾಪುರದ ಆದಿಲಶಾಹಿಗಳು ಆಳಿದ ಕೋಟೆ. ಗೋಡೆಯ ಅಂಚಿನಿಂದ ಬಗ್ಗಿದರೆ ಕೆಳಗೆ ನೇರ ನೀರು. ಶಿಕ್ಷೆಗೆ ಗುರಿಯಾದವರನ್ನು ಇಲ್ಲಿಂದಲೇ ಹೊಳೆಗೆ ನೂಕುತ್ತಿದ್ದರು ಎಂದು ಊರವರು ಜಾಗ ತೋರಿಸುತ್ತಾರೆ. ಮೊಸಳೆಗಳಿರುವ ಹೊಳೆ ಇದು, ಈಜುವ ಆಸೆ ಬಿಡಿ. ಸೇತುವೆ ದಾಟುವ ಮೊದಲು ಅಲ್ಲಿ ಯಾರಾದರೂ ಕೇಳಬಹುದು, “ಯಾವೂರ್ರಿ ನಿಮ್ದು? ಮ್ಯಾಲಿಂದ ನೀರು ಬಿಟ್ಟಾರೇನು ಕೇಳ್ಕೊಂಡು ಬಂದೀರಿಲ್ಲೋ?” ಎಂದು. ಕೇಳಿಕೊಂಡೇ ಹೋಗಿರಿ.

ಲಿಂಗಸುಗೂರು ಕಡೆಯವು ಒಂದು ಗುಂಪಾದರೆ, ಎರಡನೆಯ ಗುಂಪಿನ ಗಡ್ಡೆಗಳು ಹೊಳೆಯ ಕೆಳಗಿನ ಪಾತ್ರದಲ್ಲಿ, ರಾಯಚೂರು ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ಅಂಟಿಕೊಂಡಂತೆ ಇವೆ: ಕುರ್ವಕಲಾ, ಕುರ್ವಕುರ್ದಾ, ಮಠವಿರುವ ನಾರದಗಡ್ಡೆ. ದತ್ತ ಸಂಪ್ರದಾಯದವರಿಗೆ ಇಲ್ಲಿಯ ಶ್ರೀಪಾದ ಶ್ರೀವಲ್ಲಭರ ಕುರವಪುರ ದೊಡ್ಡ ಕ್ಷೇತ್ರ, ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ರಾಯಚೂರಿನಿಂದ ಆತ್ಕೂರಿನ ದಡಕ್ಕೆ ಹೋಗಿ, ಅಲ್ಲಿಂದ ಹರಿಗೋಲು. ಬಿದಿರಿನ ಬುಟ್ಟಿಗೆ ಡಾಂಬರು ಬಳಿದ ಹಾಳೆ ಹೊದಿಸಿದ ದುಂಡನೆಯ ತೆಪ್ಪ ಅದು. ಹರಿಗೋಲಿನಲ್ಲಿ ಬೈಕ್ ಸಾಗಿಸುವುದು ಹೊಸ ಸಂಗತಿಯೇನಲ್ಲ. ಹಂಪಿಯಲ್ಲಿ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿದ್ದ ಮೇಲೆ ಎಷ್ಟೋ ವರ್ಷ ಅಲ್ಲಿಯ ಬೈಕುಗಳು ಹಾಗೆಯೇ ತುಂಗಭದ್ರೆ ದಾಟಿದವು. ಆದರೂ ನನ್ನ ಮಾತು ಕೇಳಿ, ಗಾಡಿಯನ್ನು ದಡದಲ್ಲೇ ಬಿಡಿ. ಒಳಗೆ ನಡೆದು ಸುತ್ತುವಷ್ಟೇ ಜಾಗ ಇರುವುದು. ಸೈಡ್ ಸ್ಟ್ಯಾಂಡಿನ ಒಂದು ಮೊನೆ ಸಾಕು, ಹೊದಿಕೆ ಹರಿಯಲು. 2020ರ ಆಗಸ್ಟ್‌ನಲ್ಲಿ ಕುರ್ವಕಲಾಕ್ಕೆ ಹೊರಟ ಹರಿಗೋಲೊಂದು ಮಗುಚಿ ಜನ ನೀರುಪಾಲಾದರು. ಹೋದವರು ಪ್ರವಾಸಿಗಳಲ್ಲ, ಸಾಮಾನು ಸರಂಜಾಮಿಗೆಂದು ಆಚೆ ದಡಕ್ಕೆ ಹೋಗಿ ಮನೆಗೆ ಮರಳುತ್ತಿದ್ದ ಊರವರು. ಲೈಫ್ ಜಾಕೆಟ್ ಇಲ್ಲದ ಹರಿಗೋಲು ಹತ್ತಬೇಡಿ. ಇಲ್ಲವೆಂದರೆ ನಿಮ್ಮದನ್ನೇ ಕಟ್ಟಿಕೊಂಡು ಹೋಗಿ. ಬೈಕಿನ ಹಿಂದಿನ ಸೀಟಿಗೆ ಅದೇನು ಭಾರವಲ್ಲ.

ಈ ಗಡ್ಡೆಗಳಿಗೆ ಸೇತುವೆ ಮಂಜೂರಾಗಿ, ಕಂಬಗಳು ಎದ್ದು, ಕೆಲಸ ವರ್ಷಗಟ್ಟಲೆ ಅರ್ಧಕ್ಕೆ ನಿಂತ ಕತೆಯನ್ನು ರಾಯಚೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಮಗೆ ಒಂದು ದಿನದ ಮೋಜಾದ ಹರಿಗೋಲು ಅಲ್ಲಿ ಬಸುರಿಗೆ ಆಂಬುಲೆನ್ಸು. ದೊಡ್ಡ ಶಾಲೆಗೆ ಹೊರಟ ಮಕ್ಕಳಿಗೂ ಅದೇ ಗತಿ. ಅಂಬಿಗನ ಹತ್ತಿರ ಐದು ಹತ್ತು ರೂಪಾಯಿಗೆ ಚೌಕಾಸಿ ಮಾಡುವ ಮುನ್ನ ಇದು ತಲೆಯಲ್ಲಿರಲಿ. ಸಂಜೆ ಬೆಳಕಿರುವಾಗಲೇ ಈಚೆ ದಡಕ್ಕೆ ಬಂದುಬಿಡಿ. ಒಳಗೆ ವಸತಿ ಎಂದರೆ ದೇವಸ್ಥಾನದ ಆಸರೆ, ಅದೂ ಯಾತ್ರಿಕರಿಗೆ.

ಬರುವಾಗ ದಾರಿ ಬದಲಿಸಬಹುದು. ಸಿಂಧನೂರಿನಿಂದ ಗಂಗಾವತಿ, ಆನೆಗೊಂದಿ. ಅಲ್ಲಿ ತುಂಗಭದ್ರೆಯ ನಡುವೆ ನವಬೃಂದಾವನ ಗಡ್ಡೆ, ದೋಣಿಯಲ್ಲಿ ಹೋಗಿಬರಬೇಕು. ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ನೆನೆಸಿಕೊಂಡು ಹೊರಟವರು ಆಸೆ ಬಿಡಿ. ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರ ಮಾರ್ಚ್‌ನಲ್ಲಿ ಅವನ್ನು ಕೆಡವಿ ಹಾಕಿದರು.

ಹೊಸಪೇಟೆ ಮುಟ್ಟುವಷ್ಟರಲ್ಲಿ ಸೊಂಟ ಬಿದ್ದುಹೋಗಿದ್ದರೆ ನಾಚಿಕೆ ಪಡಬೇಕಾಗಿಲ್ಲ. ಹುಬ್ಬಳ್ಳಿಯಿಂದ ಮೈಸೂರಿಗೆ ಬರುವ ಹಂಪಿ ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲುತ್ತದೆ. ಪಾರ್ಸೆಲ್ ಕಚೇರಿಯಲ್ಲಿ ಆರ್‌ಸಿ ಮತ್ತು ಗುರುತಿನ ಚೀಟಿಯ ನಕಲು ಕೊಟ್ಟು, ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿ, ಗೋಣಿ ಸುತ್ತಿಸಿದರೆ ಗಾಡಿಯನ್ನೂ ಹತ್ತಿಸಬಹುದು. ರೈಲು ಹೊರಡುವುದಕ್ಕೆ ಮೂರ್ನಾಲ್ಕು ಗಂಟೆ ಮುಂಚೆಯೇ ಹೋಗಿ, ಅದೇ ರೈಲಿನ ಪಾರ್ಸೆಲ್ ಬೋಗಿಯಲ್ಲಿ ಜಾಗ ಇದೆಯೇ ಎಂದು ವಿಚಾರಿಸಿ. ಇಳಿಸಿದ ಪೆಟ್ರೋಲನ್ನು ಕೊಳ್ಳಲು ಸ್ಟೇಷನ್ ಹೊರಗೆ ಆಟೋದವರು ಕಾದಿರುತ್ತಾರೆ, ಅರ್ಧ ಬೆಲೆಗೆ.